ಪಟ್ಟಣ ಹಾಳಾಯ್ತು, ಕಾಲುವೆ ಉಳೀತು

ಈ ಸಲ ರೋಗದ ಔಷಧಿ, ಮಾರ್ಕೆಟ್ ರೇಟು ಯಾವುದೂ ಇಲ್ಲ. ಕಾಲುವೆ ವಿಷಯ. ಸ್ವಲ್ಪ ಉದ್ದ ಐತೆ, ಸಂಜೆ ಪುರಸೊತ್ತಾದಾಗ ಓದ್ರಿ.

ಕಾಲುವೆಗೆ ನೀರು ನಿಂತಿತ್ತಲ್ಲ, ಆಗ ಒಂದು ದಿನ ಬೆಳಿಗ್ಗೆ ನಮ್ಮ ಗದ್ದೆ ಹತ್ತಿರ ತುರ್ತಾ ಕಾಲುವೆ ದಂಡೆ ಹತ್ತಿ ಹಂಪಿ ಕಡೆಗೆ ನಡೆದೆ. ಕೈಯಲ್ಲಿ ಒಂದು ನೋಟ್‌ಬುಕ್ಕು. ಸತ್ಯ ಹೇಳ್ಬೇಕಂದ್ರೆ ಜಗಳದ ತಯಾರಿ ಅದು. ಹೋದ ಬೇಸಿಗೆಯಲ್ಲಿ ನನ್ನ ಬಾಳೆ ಕಾಯಿ ತುಂಬೋ ಹೊತ್ತಿಗೆ ಸರಿಯಾಗಿ 18 ದಿನ ನೀರು ಬರಲಿಲ್ಲ. ಗೊನೆ ಅಲ್ಲೇ ಸೊರಗಿ ನಿಂತವು. ವ್ಯಾಪಾರಿ ಬಂದು ನೋಡಿ, ಬಾಯಿ ಬಿಡದೆ ಗಾಡಿ ಹತ್ತಿ ಹೋದ. ಮೇಲಿನವರು ಯಾರು ಎಲ್ಲಿ ಅಡ್ಡ ಕಟ್ಟಿದ್ದಾರೆ ಅಂತ ಒಂದೊಂದಾಗಿ ಬರ್ಕೊಂಡು ಬರೋದು, ಆಮೇಲೆ ಪಂಚಾಯ್ತಿ ಸೇರಿಸೋದು ಅಂತ ನನ್ನ ಲೆಕ್ಕ.

ನಡೀತಾ ನಡೀತಾ ಲೆಕ್ಕ ಬೇರೆ ಆಯ್ತು.

ಈ ಕಾಲುವೆ ಎಷ್ಟು ಹಳೇದು ಅಂತ ನಮಗೆ ಗೊತ್ತು, ಆದ್ರೆ ದಿನಾ ನೋಡಿ ನೋಡಿ ಮರೆತೀವಿ. 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ ಒಂದು ಮಾತು ಬರೆದಿಟ್ಟಿದ್ದಾನೆ. ಹಿಂದೆ ಒಬ್ಬ ರಾಜ ಹೊಳೆಗೆ ದೊಡ್ಡ ದೊಡ್ಡ ಬಂಡೆಗಳನ್ನು ಹಾಕಿಸಿ ಅಡ್ಡ ಕಟ್ಟಿಸಿದ, ಪಟ್ಟಣದ ಒಳಕ್ಕೆ ಕಾಲುವೆ ತಂದ, ಅದರಿಂದ ರಾಜ್ಯದ ಆದಾಯ 3,50,000 ಪರ್ದಾವ್‌ಗಿಂತ ಜಾಸ್ತಿ ಏರಿತು ಅಂತ. ಪರ್ದಾವ್ ಅಂದ್ರೆ ನಮ್ಮ ವರಹ. ಆ ರಾಜ ಒಂದನೇ ದೇವರಾಯ ಅಂತ ಇತಿಹಾಸದವರು ಗುರುತಿಸ್ತಾರೆ, ಅಂದ್ರೆ 1400ರ ನಂತರದ ಮೊದಲ ವರ್ಷಗಳು. ರಾಬರ್ಟ್ ಸೆವೆಲ್ 1900ರಲ್ಲಿ ವಿಜಯನಗರದ ಇತಿಹಾಸ ಬರೆದಾಗ, ಹಾಳು ಪಟ್ಟಣದ ಗದ್ದೆಗಳಿಗೆ ಇನ್ನೂ ನೀರುಣಿಸ್ತಾ ಇರೋ ಕಾಲುವೆಯೇ ಆ ಕೆಲಸ ಅಂತ ಹೇಳಿದ.

ಆ ಕಾಲದ ಒಡ್ಡುಗಳ ಬುದ್ಧಿ ನೋಡ್ರಿ. ಹೊಳೆಯನ್ನು ಪೂರ್ತಿ ನಿಲ್ಲಿಸೋ ಆಸೆಯೇ ಅವರಿಗಿಲ್ಲ. ಹೊಳೆಯಲ್ಲಿ ಮೊದಲೇ ಇರೋ ಬಂಡೆಗಳ ನಡುವಿನ ಸಂದು ಮುಚ್ಚಿ, ನೀರನ್ನು ಒಂದಿಷ್ಟು ಎತ್ತರಿಸಿ, ಪಕ್ಕಕ್ಕೆ ತಿರುಗಿಸೋದು. ಪ್ರವಾಹ ಬಂದ್ರೆ ಮೇಲೆ ಹಾದು ಹೋಗಲಿ. ಗೇಟು ಇಲ್ಲ, ಸರಪಳಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋದಾಗ ನಾವು ಯಾರೂ ನಿದ್ದೆ ಮಾಡಲಿಲ್ಲ. ಹಂಗಂತ ಡ್ಯಾಂ ಬೇಡ ಅಂತಲ್ಲ. 1953ರಿಂದ ಅದು ಎಷ್ಟು ಜನಕ್ಕೆ ಅನ್ನ ಕೊಟ್ಟಿದೆ. ವಲ್ಲಭಾಪುರದ ಹಳೇ ಒಡ್ಡು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಬಸವಣ್ಣ ಕಾಲುವೆಗೂ ಡ್ಯಾಮಿನಿಂದಲೇ ನೀರು. ನಮ್ಮ ತುರ್ತಾಗೂ ಡ್ಯಾಮಿನಿಂದ ಹೊಳೆಗೆ ಬಿಟ್ರೇನೇ ಜೀವ.

ಬಡವಿಲಿಂಗದ ಹತ್ತಿರ ಬಂದಾಗ ಬಿಸಿಲು ಏರಿತ್ತು, ನೆರಳಿಗೆ ಕೂತೆ. ಆಳೆತ್ತರ ಮೀರಿದ ಏಕಶಿಲೆ ಲಿಂಗ, ಬುಡ ಯಾವಾಗ್ಲೂ ನೀರಲ್ಲಿ. ಆ ನೀರು ನಮ್ಮ ಕಾಲುವೆಯದೇ. ಪಕ್ಕದಲ್ಲಿ 1528ರ ನರಸಿಂಹ, ಮುಂದೆ ಕೃಷ್ಣ ದೇವಸ್ಥಾನ. 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧ ಸೋತ ಮೇಲೆ ಪಟ್ಟಣ ಸುಟ್ಟಿತು. ಅರಮನೆಗಳ ಪೈಕಿ ಉಳಿದಿದ್ದು ಅಡಿಪಾಯ. ಬಜಾರು ಬರೀ ಕಂಬ. ಆದ್ರೆ ಅದೇ ಬಜಾರಿನ ಪಕ್ಕದಲ್ಲಿ ಇವತ್ತೂ ಬಾಳೆ ಐತೆ, ಕಬ್ಬು ಐತೆ. ಕಲ್ಲಿನ ಅರಮನೆ ಬಿತ್ತು, ಮಣ್ಣಿನ ದಂಡೆ ಉಳೀತು. ಇದು ಹೆಂಗೆ?

ಅರಮನೆ ನೋಡ್ಕೊಳ್ಳೋಕೆ ರಾಜ ಬೇಕಿತ್ತು. ಕಾಲುವೆ ನೋಡ್ಕೊಳ್ಳೋಕೆ ಗದ್ದೆ ಇದ್ದವರು ಸಾಕಿತ್ತು.

ರಾಜರಿಗೂ ಇದು ಗೊತ್ತಿತ್ತು ಅನ್ಸುತ್ತೆ. ಕೃಷ್ಣದೇವರಾಯ ಹೊಸಪೇಟೆ ಹತ್ತಿರ ಕಟ್ಟಿಸಿದ ದೊಡ್ಡ ಕೆರೆ ಬಗ್ಗೆ ನ್ಯೂನಿಜ್ ಬರೀತಾನೆ: ಆ ನೀರು ಹರಿಯೋ ಜಮೀನನ್ನು ರೈತರಿಗೆ 9 ವರ್ಷ ಕಂದಾಯ ಇಲ್ಲದೆ ಬಿಟ್ಟುಕೊಟ್ಟ, ಅವರು ನೆಲ ಹದ ಮಾಡ್ಕೊಳ್ಳಲಿ ಅಂತ. ನೀರು ಬಂದ ಮಾತ್ರಕ್ಕೆ ಗದ್ದೆ ಆಗಲ್ಲ. ನೆಲ ಮಟ್ಟ ಮಾಡಿ, ಬದು ಹಾಕಿ, ಬಸಿಗಾಲುವೆ ತೋಡಿ, ಮಣ್ಣು ಪಳಗಿಸೋಕೆ ವರ್ಷಗಟ್ಟಲೆ ಬೇಕು. ಹಂಗಂತ ಹಳೇ ಕಾಲ ಎಲ್ಲಾ ಚಿನ್ನ ಅಂತ ತಿಳಿಬೇಡ್ರಿ. ಅದೇ ಕೆರೆ ಕೆಲಸದಲ್ಲಿ 15–20 ಸಾವಿರ ಜನ ಇರುವೆ ಥರ ಮುತ್ತಿದ್ದನ್ನ ಡೊಮಿಂಗೊ ಪಾಯಸ್ ಕಣ್ಣಾರೆ ನೋಡಿದ್ದ. ಏರಿ ಎರಡು ಮೂರು ಸಲ ಒಡೆದಾಗ 60 ಜನರನ್ನು ಬಲಿ ಕೊಟ್ಟರು ಅಂತಲೂ ಬರೆದಿದ್ದಾನೆ. ಆ ಜನರ ಹೆಸರು ಯಾವ ಕಲ್ಲಲ್ಲೂ ಇಲ್ಲ.

1800ರಲ್ಲಿ ನಮ್ಮ ಸೀಮೆ ನಿಜಾಮನ ಕೈಯಿಂದ ಕಂಪನಿಗೆ ಹೋಯ್ತು, 1953ರ ತನಕ ಬಳ್ಳಾರಿ ಮದರಾಸಿಗೆ ಸೇರಿತ್ತು. ಮದರಾಸು ಸೀಮೆಯಲ್ಲಿ ಕೆರೆ ಕಾಲುವೆ ದುರಸ್ತಿಗೆ ಊರಿನವರೇ ದುಡಿಯೋ ಪದ್ಧತಿಗೆ ‘ಕುಡಿಮರಾಮತ್ತು’ ಅಂತಿದ್ರು. ಕುಡಿ ಅಂದ್ರೆ ಒಕ್ಕಲು, ಮರಾಮತ್ತು ಅಂದ್ರೆ ರಿಪೇರಿ. 1858ರಲ್ಲಿ ಅದಕ್ಕೆ ಕಾನೂನೂ ಬಂತು. ನಮ್ಮ ತಾತ ಆ ಹೆಸರು ಹೇಳ್ತಿರಲಿಲ್ಲ, ‘ಹೂಳಿಗೆ ಹೋಗೋದು’ ಅಂತಿದ್ದ. ಮನೆಗೊಂದು ಆಳು, ಹೆಗಲ ಮೇಲೆ ಸಲಿಕೆ, ಮಧ್ಯಾಹ್ನಕ್ಕೆ ಬುತ್ತಿ. ನಾನು? ಹೋದ ಮೂರು ವರ್ಷ ‘ಜೆಸಿಬಿ ಬರುತ್ತೆ ಬಿಡ್ರಿ’ ಅಂತ ಮನೇಲಿದ್ದೆ.

ನೋಟ್‌ಬುಕ್ಕಲ್ಲಿ ಅಷ್ಟೊತ್ತಿಗೆ 11 ಕಡೆ ಗುರುತು ಆಗಿತ್ತು. ಎರಡು ಕಡೆ ದಂಡೆ ಕೊರೆದು ಪೈಪು, ನಾಲ್ಕು ಕಡೆ ಕಲ್ಲಿನ ಅಡ್ಡ, ಒಂದು ಸೇತುವೆ ಕೆಳಗೆ ಬಾಳೆ ದಿಂಡು, ಪ್ಲಾಸ್ಟಿಕ್ಕು, ಉಳಿದಲ್ಲೆಲ್ಲ ಹೂಳು, ಜೊಂಡು. ದಂಡೆ ಮೇಲೆ ಎಮ್ಮೆ ಕಾಯ್ತಿದ್ದ ಒಬ್ಬ ಮುದುಕಪ್ಪ ಕೇಳಿದ: “ಏನ್ ಬರೀತಿ ತಮ್ಮಾ?” ಹೇಳಿದೆ. “ಎಲ್ಲಿಂದ ಶುರು ಮಾಡಿದಿ?” “ನಮ್ಮ ಗದ್ದೆಯಿಂದ ಮೇಲಕ್ಕೆ, ತಾತ.” “ನಿಮ್ಮ ಗದ್ದೆ ಕೆಳಗ ಯಾರೂ ಇಲ್ಲೇನು?”

ಅಷ್ಟೇ ಕೇಳಿ ಎಮ್ಮೆ ಹಿಂದೆ ಹೋದ.

ಸಂಜೆ ವಾಪಸ್ ಬಂದು ನಮ್ಮ ತೂಬಿನಿಂದ ಕೆಳಕ್ಕೆ ನಡೆದೆ. ಹತ್ತು ಹೆಜ್ಜೆಗೆ ಸಿಕ್ಕಿದ್ದು ನನ್ನವೇ ಮರಳಿನ ಚೀಲ, ಐದು. ನೀರು ಕಮ್ಮಿ ಆದಾಗ ನನ್ನ ತೂಬಿಗೆ ಏರಲಿ ಅಂತ ಹಾಕಿದ್ದು, ತೆಗೆಯೋದು ಮರೆತಿದ್ದೆ. ಅದರ ಹಿಂದೆ ನಾನೇ ಎಸೆದ ಬಾಳೆ ದಿಂಡುಗಳು. ಅದರ ಕೆಳಗೆ ಒಬ್ಬ ಅಕ್ಕನ ಅರ್ಧ ಎಕರೆ ಭತ್ತ ಬರುತ್ತೆ. ಹೋದ ವರ್ಷ ಆಕೆ ಬೋರಿನವರಿಗೆ ದುಡ್ಡು ಕೊಟ್ಟು ಸಸಿ ಉಳಿಸ್ಕೊಂಡಿದ್ಲು. “ನನಗೆ ಯಾಕೆ ಹೇಳ್ಲಿಲ್ಲಕ್ಕಾ” ಅಂದೆ. “ಏನ್ ಹೇಳ್ಲಿ ತಮ್ಮಾ. ನನಗೆ ನೀನೇ ಮೇಲಿನವನು” ಅಂದ್ಲು.

ರಾತ್ರಿ ನೋಟ್‌ಬುಕ್ಕಲ್ಲಿ 12ನೇ ಗುರುತು ಬರೆದು ಮುಂದೆ ನನ್ನ ಹೆಸರು ಹಾಕಿದೆ. ಪಂಚಾಯ್ತಿ ಸೇರಿಸೋ ಮಾತು ಅಲ್ಲಿಗೇ ಬಿಟ್ಟೆ. ಮರುದಿನ ಚೀಲ ಎತ್ತಿದೆ, ದಿಂಡು ಕೊಚ್ಚಿ ಗದ್ದೆಗೇ ಗೊಬ್ಬರಕ್ಕೆ ಹಾಕಿದೆ.

ದೊಡ್ಡ ರಿಪೇರಿ ಸರ್ಕಾರದ್ದೇ, ಅದನ್ನ ಕೇಳೋದು ನಮ್ಮ ಹಕ್ಕು, ಕೇಳೋಣ. ಆದ್ರೆ ನಮ್ಮ ನಮ್ಮ ಗದ್ದೆ ಮುಂದಿನ ನೂರು ಮಾರು ಯಾರದು? ನೀರು ಬಿಡೋಕೆ ಇನ್ನೂ ದಿನ ಅವೆ. ಬರೋ ಅಮಾವಾಸ್ಯೆ ಹೆಂಗೂ ಯಾರೂ ನೇಗಿಲು ಹೂಡಲ್ಲ. ಅವತ್ತು ಬೆಳಿಗ್ಗೆ ಆರಕ್ಕೆ ನಾನು ಸಲಿಕೆ ಹಿಡ್ಕೊಂಡು ಸೇತುವೆ ಹತ್ತಿರ ಇರ್ತೀನಿ. ಮೇಲಿನವರು ಬರ್ರಿ, ಕೆಳಗಿನವರೂ ಬರ್ರಿ. ಬುತ್ತಿ ನಮ್ಮ ಮನೆದು.