ಪೆರಾಂಬ್ಯುಲೇಟರ್: ನಡೆಯುವವನೊಬ್ಬನ ಹೆಸರು

ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದಿದವರಿಗೆ 'ಪೆರಾಂಬ್ಯುಲೇಟರ್' ಎಂಬ ಉದ್ದನೆಯ ಪದ ಎಲ್ಲಾದರೂ ಎದುರಾಗಿರುತ್ತದೆ. ಹಸುಗೂಸನ್ನು ಮಲಗಿಸಿ ತಳ್ಳಿಕೊಂಡು ಹೋಗುವ ಗಾಡಿ ಅದು. 'ಪ್ರಾಮ್' ಎಂಬುದು ಅದರ ಮೊಟಕು ರೂಪ. ಆದರೆ 17ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದದ ಅರ್ಥ 'ನಡೆದಾಡುವವನು' ಎಂದಿತ್ತು. ಇನ್ನೂ ನಡೆಯಲು ಬಾರದ ಮಗುವಿನ ವಾಹನಕ್ಕೆ ಈ ಹೆಸರು ಬಂದುದಾದರೂ ಹೇಗೆ?

ಲತೀನಿನಲ್ಲಿ 'ಪೆರ್' ಎಂದರೆ ಮೂಲಕ, ಉದ್ದಕ್ಕೂ. 'ಅಂಬುಲಾರೆ' ಎಂದರೆ ನಡೆಯುವುದು. ಒಂದು ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ಕಾಲಿನಿಂದಲೇ ಅರಿಯುವುದು 'ಪೆರಾಂಬುಲಾರೆ'. ಸಂತ ಜೆರೋಮರ ಹೆಸರಿನೊಡನೆ ಬೆಸೆದುಕೊಂಡಿರುವ ಲತೀನ್ ಬೈಬಲನ್ನು ತೆರೆದು ನೋಡಿ. ಆದಿಕಾಂಡದ 13ನೆಯ ಅಧ್ಯಾಯದಲ್ಲಿ ದೇವರು ಅಬ್ರಾಮನಿಗೆ ನಾಡಿನ ಉದ್ದಗಲಗಳಲ್ಲಿ ಸಂಚರಿಸಲು ಹೇಳುವಾಗ ಈ ಕ್ರಿಯಾಪದವೇ ಬಂದಿದೆ. ಲೂಕನ ಶುಭಸಂದೇಶದಲ್ಲಿ ಯೇಸು ಜೆರಿಕೊ ಪಟ್ಟಣವನ್ನು ಹಾದುಹೋಗುವಾಗಲೂ ಇದೇ. ಜಕ್ಕಾಯ ಮರವೇರಿ ಕಾದದ್ದು ಇಂಥ ನಡಿಗೆಯೊಂದಕ್ಕಾಗಿ.

ಇಂಗ್ಲೆಂಡಿನ ಧರ್ಮಕೇಂದ್ರಗಳಲ್ಲಿ ಪ್ರಭುವಿನ ಸ್ವರ್ಗಾರೋಹಣ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಗುರುಗಳೂ ಊರವರೂ ಊರಿನ ಎಲ್ಲೆಯ ಗುಂಟ ನಡೆದು ಬೆಳೆಗಾಗಿ ಪ್ರಾರ್ಥಿಸುತ್ತಿದ್ದರು. ಈ ನಡಿಗೆಯ ಹೆಸರೇ 'ಪೆರಾಂಬ್ಯುಲೇಶನ್'. ನಕಾಶೆಗಳು ಅಪರೂಪವಾಗಿದ್ದ ಕಾಲ. ಎಲ್ಲೆ ಉಳಿಯಬೇಕಾದದ್ದು ಜನರ ನೆನಪಿನಲ್ಲಿ. ಆದಕಾರಣ ಗಡಿಕಲ್ಲು ಬಂದೊಡನೆ ಹುಡುಗರ ತಲೆಯನ್ನು ಅದಕ್ಕೆ ತಾಗಿಸುವುದಿತ್ತು, ಕೆಲವೊಮ್ಮೆ ಬೆತ್ತದ ರುಚಿಯನ್ನೂ ತೋರಿಸುವುದಿತ್ತು. ನೋವನ್ನು ಯಾರೂ ಮರೆಯರಷ್ಟೆ! ಒಂದನೆಯ ಎಲಿಜಬೆತ್ ರಾಣಿಯು 1559ರಲ್ಲಿ ಇತರ ಧಾರ್ಮಿಕ ಮೆರವಣಿಗೆಗಳನ್ನು ನಿಲ್ಲಿಸಿದಾಗಲೂ ಇದೊಂದನ್ನು ಉಳಿಸಿಕೊಂಡಳು.

ಬಳಿಕ ಪದವು ಮನುಷ್ಯನನ್ನು ಬಿಟ್ಟು ಯಂತ್ರಕ್ಕೆ ಅಂಟಿಕೊಂಡಿತು. ಭೂಮಾಪಕರು ಒಂದು ಚಕ್ರವನ್ನು ಹಿಡಿಯಿಂದ ತಳ್ಳಿಕೊಂಡು ಹೋಗಿ, ಅದು ಎಷ್ಟು ಸುತ್ತು ಉರುಳಿತೆಂಬ ಲೆಕ್ಕದಿಂದ ದಾರಿಯ ಉದ್ದವನ್ನು ತಿಳಿಯುತ್ತಿದ್ದರು. ಆ ಚಕ್ರವೂ ಪೆರಾಂಬ್ಯುಲೇಟರ್. ಈ ಅರ್ಥದಲ್ಲಿ ಪದವು ನಮ್ಮ ನೆಲಕ್ಕೂ ಬಂದಿತು. 1800ರಲ್ಲಿ ಬೆಂಗಳೂರಿನ ಬಳಿ ವಿಲಿಯಂ ಲ್ಯಾಂಬ್ಟನ್ ತನ್ನ ಮಹಾ ಮಾಪನದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. ಕಂಪನಿ ಸರ್ಕಾರದ ಭೂಮಾಪಕರು ಸಾಮಾನ್ಯ ದಾರಿಗಳನ್ನು ಅಳೆಯಲು ಬಳಸುತ್ತಿದ್ದದ್ದು ಚಕ್ರವನ್ನು. ಹಳ್ಳದಿಣ್ಣೆಗಳ ಏರಿಳಿತವನ್ನೆಲ್ಲ ಅದು ದೂರಕ್ಕೆ ಸೇರಿಸಿಬಿಡುತ್ತಿದ್ದುದರಿಂದ ಲೆಕ್ಕ ತುಸು ಹೆಚ್ಚಾಗಿಯೇ ಬರುತ್ತಿತ್ತು. ಬಿಸಿಲಿನಲ್ಲಿ ಅದನ್ನು ತಳ್ಳಿ ನಡೆದವರು ಬಹುಮಟ್ಟಿಗೆ ಈ ದೇಶದ ಕೂಲಿಗಳು. ನಕಾಶೆಯ ಮೂಲೆಯಲ್ಲಿ ಉಳಿದದ್ದು ಅಧಿಕಾರಿಯ ಹೆಸರು.

ಮಗುವಿನ ಗಾಡಿಯ ಕಥೆ ಬೇರೆಯಾಗಿ ಮೊದಲಾಯಿತು. 1733ರ ಸುಮಾರಿಗೆ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಪುಟ್ಟ ಗಾಡಿಯೊಂದನ್ನು ರೂಪಿಸಿದ್ದನು. ಅದನ್ನು ಎಳೆಯುತ್ತಿದ್ದದ್ದು ಪ್ರಾಣಿ. ಎಳೆಯುವ ಬದಲು ಹಿಂದಿನಿಂದ ತಳ್ಳುವ ಗಾಡಿಗೆ ಲಂಡನ್ನಿನಲ್ಲಿ ಚಾರ್ಲ್ಸ್ ಬರ್ಟನ್ 1853ರಲ್ಲಿ ಹಕ್ಕುಪತ್ರ ಪಡೆದನು. ವಿಕ್ಟೋರಿಯಾ ರಾಣಿಯೂ ಮಕ್ಕಳ ಗಾಡಿಗಳನ್ನು ಕೊಂಡಳು. ಶ್ರೀಮಂತರಿಗೆ ಬೇರೆ ಶಿಫಾರಸು ಬೇಕೆ? ತಳ್ಳುತ್ತ ನಡೆಯಬೇಕಾದ ಚಕ್ರವೆಂಬ ಹೋಲಿಕೆಯಿಂದಲೋ ಏನೋ, ಹಳೆಯ ಪದ ಇಲ್ಲಿ ನೆಲೆನಿಂತಿತು.

ಓದುಗರೇ, ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಗಾಡಿಯ ಹಿಂದೆ ನಿಜವಾಗಿ ನಡೆಯುವವಳು ಒಬ್ಬಳಿದ್ದಾಳೆ. ಪದದ ಮೂಲಾರ್ಥಕ್ಕೆ ಹಕ್ಕುದಾರಳು ಅವಳೇ. ಆದರೂ ಹೆಸರು ಅವಳಿಗೆ ದಕ್ಕಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ಕಂಟೋನ್ಮೆಂಟುಗಳಲ್ಲಿ ದೊರೆಮಕ್ಕಳ ಗಾಡಿಯನ್ನು ತಳ್ಳುತ್ತಿದ್ದವಳನ್ನು 'ಆಯಾ' ಎಂದರು. ಅದು ಪೋರ್ಚುಗೀಸರಿಂದ ಬಂದ ಮಾತು. ಸ್ವದೇಶಕ್ಕೆ ಮರಳುವ ಕುಟುಂಬಗಳು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಂಥವರನ್ನು ಕರೆದೊಯ್ಯುತ್ತಿದ್ದವು. ದಡ ಸೇರಿದ ಮೇಲೆ ಹಿಂದಿರುಗುವ ಖರ್ಚನ್ನೂ ಕೊಡದೆ ಕೈಬಿಟ್ಟ ಯಜಮಾನರಿದ್ದರು. ಹಾಗೆ ಬೀದಿಪಾಲಾದವರಿಗೆ ಲಂಡನ್ನಿನಲ್ಲೊಂದು ಆಶ್ರಯಧಾಮವಿತ್ತು. 1900ರಲ್ಲಿ ಅದು ಹ್ಯಾಕ್ನಿ ಬಡಾವಣೆಯ ಕಿಂಗ್ ಎಡ್ವರ್ಡ್ಸ್ ರಸ್ತೆಗೆ ಬಂದಿತು. ಲಂಡನ್ ಸಿಟಿ ಮಿಷನ್ ಅದನ್ನು ನಡೆಸುತ್ತಿತ್ತು. ಆ ಮನೆಯ ಗೋಡೆಗೆ ನೀಲಿ ಸ್ಮಾರಕ ಫಲಕವೊಂದನ್ನು ಹಾಕಿದ್ದು 2022ರಲ್ಲಿ.