ಕಥೆ, ಚರಿತ್ರೆ, ಕೈಫಿಯತ್ತು

ಬರಹವನ್ನು ಎರಡು ಪಾಲು ಮಾಡುವ ಅಭ್ಯಾಸವನ್ನು ನಾವು ಇಂಗ್ಲಿಷ್ ವಿದ್ಯಾಭ್ಯಾಸದಿಂದ ಪಡೆದೆವು: ಕಲ್ಪಿಸಿ ಬರೆದುದು ಒಂದು, ನಡೆದುದನ್ನು ಬರೆದುದು ಇನ್ನೊಂದು. ಗ್ರಂಥದ ಹೆಸರನ್ನು ನೋಡಿದೊಡನೆಯೇ ಅದು ಯಾವ ಪಾಲಿನದೆಂದು ತಿಳಿದುಹೋಗುತ್ತದೆಂದೂ ನಂಬಿದ್ದೇವೆ. ಈ ನಂಬಿಕೆ ನಮ್ಮ ಹಳೆಯ ಗ್ರಂಥಗಳಲ್ಲಿ ನಡೆಯದು. ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ ಕಾವ್ಯ. 19ನೆಯ ಶತಮಾನದ ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿಯಾದರೋ ಮೈಸೂರರಸರ ವೃತ್ತಾಂತವುಂಟು. ಚರಿತೆಯೆಂದುದು ಕಥೆ, ಕಥೆಯೆಂದುದರಲ್ಲಿ ಚರಿತ್ರೆ! ಅದೇ ‘ಚರಿತೆ’ ಎಂಬ ಮಾತನ್ನು 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಕರ್ತೃಗಳು ಎತ್ತಿಕೊಂಡಾಗ ಅದರ ಮೇಲೆ ಹೊಸದೊಂದು ಹೊಣೆ ಬಿದ್ದಿತು, ಕವಿಯ ಕಾಲವನ್ನು ಆಧಾರಸಹಿತವಾಗಿ ತೋರಿಸಬೇಕಾಯಿತು.

‘ಪ್ರಬಂಧ’ದ ಪಾಡೂ ಹೀಗೆಯೇ. ಫ್ರಾನ್ಸಿನ ಮೊಂತೇನನು 1580ರಲ್ಲಿ ತನ್ನ ಬರಹಗಳಿಗೆ ‘ಪ್ರಯತ್ನಗಳು’ ಎಂಬರ್ಥದ ಹೆಸರಿಟ್ಟನು. ನಾವು ಆ ಜಾತಿಯ ಬರಹಕ್ಕೆ ಚೆನ್ನಾಗಿ ಕಟ್ಟಿದುದು ಎಂಬರ್ಥದ ಮಾತನ್ನು ಕೊಟ್ಟೆವು. ಆ ಬಿಗಿಯನ್ನು ಸಡಿಲಿಸಲು ‘ಲಲಿತ’ ಎಂದು ಸೇರಿಸಬೇಕಾಯಿತು.

ಆದಕಾರಣ ಹೆಸರಿಗಿಂತ ಮುಖ್ಯವಾಗಿ ಕೇಳತಕ್ಕುದು ಇಷ್ಟು: ಬರೆದವನು ಯಾರಿಗೆ, ಯಾವುದರ ವಿಷಯದಲ್ಲಿ, ಮಾತುಕೊಟ್ಟಿದ್ದಾನೆ? ಶಾಸನವನ್ನೇ ನೋಡಿರಿ. ಶಾಸನವೆಂದರೆ ಆಜ್ಞೆ. ಅದರ ದತ್ತಿಭಾಗದಲ್ಲಿ ಹೊಲದ ಎಲ್ಲೆ, ಅಳತೆ, ಪಡೆದವನ ಹೆಸರು ಇರುತ್ತವೆ; ಅಲ್ಲಿ ತಪ್ಪಿದರೆ ವ್ಯಾಜ್ಯ ಖಂಡಿತ. ಅದೇ ಕಲ್ಲಿನ ಪ್ರಶಸ್ತಿಭಾಗದಲ್ಲಿ ಅರಸನು ಸಮುದ್ರಪರ್ಯಂತ ಗೆದ್ದಿದ್ದರೆ ಯಾರೂ ಅಳತೆಗೋಲು ಹಿಡಿದು ಬರುವುದಿಲ್ಲ. ಹಾಗೆಂದು ಪ್ರಶಸ್ತಿಯೆಲ್ಲ ಸುಳ್ಳೆನ್ನುವುದೂ ಅವಿವೇಕ. ಐಹೊಳೆಯ ಮೇಗುಟಿಯಲ್ಲಿ 634ರ ಸುಮಾರಿನ ರವಿಕೀರ್ತಿಯ ಶಾಸನವು ಇಮ್ಮಡಿ ಪುಲಕೇಶಿಯೆದುರು ಹರ್ಷನು ಕುಗ್ಗಿದನೆನ್ನುತ್ತದೆ. ಹರ್ಷನ ಮನ್ನಣೆಯನ್ನು ಪಡೆದಿದ್ದ ಹ್ಯೂಎನ್‌ತ್ಸಾಂಗನೆಂಬ ಚೀನೀ ಯಾತ್ರಿಕನೂ, ಪುಲಕೇಶಿಯ ಜನರು ಹರ್ಷನಿಗೆ ಅಧೀನರಾಗಲಿಲ್ಲವೆಂದೇ ಬರೆದಿದ್ದಾನೆ. ಅದೇ ಶಾಸನದಲ್ಲಿ ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳ ಸಮಕ್ಕೆ ಏರಿಸಿಕೊಂಡಿರುವುದಕ್ಕೆ ಮಾತ್ರ ಬೇರೆ ಸಾಕ್ಷಿ ದೊರೆತಿಲ್ಲ.

ಇನ್ನು ಕೈಫಿಯತ್ತು. ಅರಬ್ಬಿಯಿಂದ ಬಂದ ಈ ಮಾತಿಗೆ ಸ್ಥಿತಿಗತಿಯೆಂದು ಅರ್ಥ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೆಗೆ ತೊಡಗಿದನು. ಕಾವಲಿ ವೆಂಕಟ ಬೊರಯ್ಯನೇ ಮೊದಲಾದ ಅವನ ಸಹಾಯಕರು ಊರೂರುಗಳ ಹಿನ್ನೆಲೆಯನ್ನು ಬರೆಯಿಸಿಕೊಂಡರು. ಇಂಥ ಬರಹಗಳಲ್ಲಿ ಸ್ಥಳಪುರಾಣದ ರಾಕ್ಷಸನೂ, ಪಾಳೆಯಗಾರನೂ, ದೇವಸ್ಥಾನದ ಮಾನ್ಯದ ಭೂಮಿಯೂ ಒಂದೇ ಉಸಿರಿನಲ್ಲಿ ಬರುವುದುಂಟು. ವಿದ್ಯಾವಂತರು ರಾಕ್ಷಸನನ್ನು ಕಂಡೊಡನೆ ಕಡತವನ್ನು ಮುಚ್ಚುತ್ತಾರೆ. ಊರಿನ ಅಭಿಮಾನಿಗಳು ರಾಕ್ಷಸನಿಗೂ ಇಸವಿಯನ್ನು ಗೊತ್ತುಮಾಡುತ್ತಾರೆ. ಇಬ್ಬರೂ ಮರೆಯುವುದು ಹೇಳಿಕೆ ಕೊಡುತ್ತಿದ್ದವರ ಅವಸ್ಥೆಯನ್ನು. ದೊರೆತನ ಬದಲಾಗಿದೆ, ಸರ್ಕಾರದ ಮನುಷ್ಯನು ಲೇಖಣಿ ಹಿಡಿದು ಎದುರಿಗೆ ಕುಳಿತಿದ್ದಾನೆ, ಮಾನ್ಯವು ಉಳಿದೀತೋ ಹೋದೀತೋ ಯಾರು ಬಲ್ಲರು? ಅಂಥ ವೇಳೆಯಲ್ಲಿ ಹಿಂದಿನ ಅರಸನ ದಾನವನ್ನು ಹೇಳುವವರು ಕಥೆಗಾರರೂ ಅಲ್ಲ, ಚರಿತ್ರಕಾರರೂ ಅಲ್ಲ, ಹಕ್ಕುದಾರರು. ಅವರ ಮಾತನ್ನು ಆ ಊರಿನ ಕಲ್ಲಿನೊಡನೆ ಇಟ್ಟು ಓದಬೇಕು. ಕಡತದಲ್ಲಿಯೂ ಕಲ್ಲಿನಲ್ಲಿಯೂ ಒಂದೇ ಕೆರೆಯ ಹೆಸರು, ಒಂದೇ ಗದ್ದೆಯ ಎಲ್ಲೆ ದೊರೆತರೆ, ಅಲ್ಲಿಂದ ಊರಿನ ಚರಿತ್ರೆಯನ್ನು ಬರೆಯತೊಡಗಬಹುದು.