ಬೆಟ್ಟದ ಜನವೂ ಪಟ್ಟಿಯ ಸಾಲುಗಳೂ

ಬಿಳಿಗಿರಿರಂಗನ ಬೆಟ್ಟದ ಶ್ರೇಣಿ ಒಂದೇ ಆದರೂ ಅದರ ಆಶ್ರಯದಲ್ಲಿದ್ದ ಜನರ ಲೆಕ್ಕ ಬಹುಕಾಲ ಒಂದೇ ಪುಸ್ತಕದಲ್ಲಿ ಇದ್ದುದಲ್ಲ. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ಸೀಮೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಗಿ ಮೈಸೂರು ಸಂಸ್ಥಾನದೊಳಗೇ ಉಳಿಯಿತು. ಆದುದರಿಂದ, 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ತನ್ನ ಪ್ರವಾಸ ಗ್ರಂಥದಲ್ಲಿ ಹೆಸರಿಸಿರುವ, ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ವಂಶಜರೇ ಮುಂದೆ ಎರಡು ಸರಕಾರಗಳ ಎರಡು ಬಗೆಯ ದಾಖಲೆಗಳಲ್ಲಿ ಹಂಚಿಹೋದರು.

ಇಂಥ ದಾಖಲೆಗಳಲ್ಲಿನ ಬಹುಮಂದಿಯ ನಡುವಿನಿಂದ ಬೇಕಾದವರನ್ನು ಅನೇಕ ನಿಬಂಧನೆಗಳಿಂದ ಆರಿಸುವ ವಿದ್ಯೆ ಆ ಕಾಲದಲ್ಲಿ ಕೈಗೆಲಸವಾಗಿತ್ತು. 1901ರ ಜನಗಣತಿಯಲ್ಲಿ ಒಬ್ಬೊಬ್ಬನ ವಿವರವನ್ನೂ ಒಂದೊಂದು ಚೀಟಿಗೆ ಇಳಿಸಿ ರಾಶಿರಾಶಿಯಾಗಿ ವಿಂಗಡಿಸುವ ಪದ್ಧತಿ ನಮ್ಮ ದೇಶದಲ್ಲಿ ಬಂದಿತು. ಒಂದು ರಾಶಿಯನ್ನು ಇನ್ನೊಂದು ನಿಬಂಧನೆಯಿಂದ ಮತ್ತೆ ಸೋಸಿದರೆ ಅದು ‘ಮತ್ತು’. ಎರಡು ರಾಶಿಗಳನ್ನು ಕೂಡಿಸಿದರೆ ಅದು ‘ಅಥವಾ’. ಅಮೆರಿಕದಲ್ಲಿ ಹರ್ಮನ್ ಹಾಲರಿತ್ 1890ರ ಗಣತಿಗೆ ಇದನ್ನೇ ರಂಧ್ರಪತ್ರಗಳಿಂದಲೂ ವಿದ್ಯುತ್ತಿನಿಂದಲೂ ಸಾಧಿಸಿದನು. ಈಗ ಗಣಕಯಂತ್ರದ ಪೈಥಾನ್ ಭಾಷೆಯ ಪಾಂಡಾಸ್ ಎಂಬ ಸಾಧನದಲ್ಲಿ ‘ಮತ್ತು’ವಿಗೆ & ಎಂಬ ಚಿಹ್ನೆಯೂ ‘ಅಥವಾ’ಕ್ಕೆ | ಎಂಬ ಚಿಹ್ನೆಯೂ ಸಾಕಾಗಿವೆ; ಆದರೆ ಇವು ಹೋಲಿಕೆಯ ಚಿಹ್ನೆಗಳಿಗಿಂತ ಮೊದಲೇ ನೆರೆಯ ಪದಗಳನ್ನು ಸೆಳೆದುಕೊಳ್ಳುವುದರಿಂದ ಪ್ರತಿಯೊಂದು ನಿಬಂಧನೆಗೂ ಪ್ರತ್ಯೇಕವಾಗಿ ಆವರಣ ಹಾಕತಕ್ಕದ್ದು.

ಈ ಆವರಣಗಳ ತೂಕ ಎಷ್ಟೆಂಬುದನ್ನು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಓದಿದವರು ಬಲ್ಲರು. ಹಕ್ಕುದಾರನು ಪರಿಶಿಷ್ಟ ಪಂಗಡದವನಾಗಿರಬೇಕು, ಅಥವಾ ಮೂರು ತಲೆಮಾರು, ಎಂದರೆ 75 ವರ್ಷ, ಕಾಡಿನಲ್ಲಿ ಬಾಳಿದವನಾಗಿರಬೇಕು. ಮತ್ತು ಜೀವನಕ್ಕೆ ಕಾಡನ್ನೇ ನೆಚ್ಚಿರಬೇಕು. ಮತ್ತು ಭೂಮಿಯಲ್ಲಿ 2005ರ ಡಿಸೆಂಬರ್ 13ಕ್ಕೆ ಮುಂಚೆ ನೆಲೆಸಿರಬೇಕು. ಮೊದಲಿನ ಎರಡನ್ನು ಒಂದು ಆವರಣದಲ್ಲಿ ಸೇರಿಸದೆ ಬರೆದರೆ, ಯಂತ್ರವು ‘ಮತ್ತು’ವನ್ನೇ ಮೊದಲು ಬಿಗಿಯುವ ಕಾರಣ, ನಿನ್ನೆ ಬಂದು ನೆಲೆಸಿದ ಪಂಗಡದವನೂ ಆಯ್ಕೆಯಾಗುವನು. ಇತರ ವನವಾಸಿಗಳ ಎಪ್ಪತ್ತೈದು ವರ್ಷಗಳೋ 1930ಕ್ಕೆ ಹೋಗಿ ಮುಟ್ಟುತ್ತವೆ. ಆಗ ಕೊಳ್ಳೇಗಾಲದವನ ಕಡತ ಕೊಯಮತ್ತೂರಿನದು, ಯಳಂದೂರಿನವನದು ಮೈಸೂರಿನದು.

ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ಕಾಡುವುದು ಕೋಷ್ಟಕದ ಬರಿದಾದ ಮನೆಯ ಪ್ರಶ್ನೆ. ಕೋಷ್ಟಕದಲ್ಲಿ ನೆಲೆಸಿದ ವರ್ಷದ ಅಂಕಣ ಬರಿದಾಗಿದ್ದರೆ, ‘2005ಕ್ಕೆ ಹಿಂದಿನದೇ?’ ಎಂದು ಕೇಳಿದಾಗ ಪಾಂಡಾಸ್ ‘ಅಲ್ಲ’ ಎಂದೇ ಉತ್ತರಿಸುತ್ತದೆ. ಆ ಸಾಲು ಸದ್ದಿಲ್ಲದೆ ಉದುರಿಹೋಗುತ್ತದೆ. ಕಾಗದವಿಲ್ಲದ ಸೋಲಿಗನ ಗತಿಯೂ ಕಚೇರಿಯಲ್ಲಿ ಹೀಗೆಯೇ ಆಗಬಹುದಾಗಿತ್ತು. ಕಾಡನ್ನು ಕಡಿದು ಸುಟ್ಟು ಬಿತ್ತಿ, ಮತ್ತೆ ಬೇರೆಡೆಗೆ ಸರಿಯುವ ಬೇಸಾಯದವನಿಗೆ ಸರ್ವೆ ನಂಬರು ಎಲ್ಲಿಯದು? 1974ರಲ್ಲಿ ಈ ಬೆಟ್ಟದ ಕಾಡು ಅಭಯಾರಣ್ಯವಾದ ಮೇಲೆ ಆ ಬೇಸಾಯವೂ ನಿಂತು, ಅವನು ಪೋಡುಗಳೆಂಬ ಹಾಡಿಗಳಲ್ಲಿ ನೆಲೆಯೂರಬೇಕಾಯಿತು. ಅದೃಷ್ಟವಶಾತ್, ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆದಿಟ್ಟು ಸಾಕ್ಷ್ಯವಾಗಿ ಒಪ್ಪುತ್ತವೆ. ಸಮುದಾಯದ ಹಕ್ಕಿಗೆ ಪವಿತ್ರವಾದ ಮರ, ಬನ, ನೀರಿನ ತಾಣ, ಶ್ಮಶಾನಗಳನ್ನೂ ಒಪ್ಪುತ್ತವೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ತಮ್ಮ ಪುಣ್ಯಸ್ಥಾನಗಳನ್ನು ಸೋಲಿಗರು ವಿಂಗಡಿಸಿಕೊಂಡಿದ್ದಾರೆ. ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಕಾಡಿನಲ್ಲಿ ನಡೆದು ಅವುಗಳ ನಕ್ಷೆಯನ್ನೂ ಮಾಡಿದ್ದಾರೆ. ಯಾವ ಕಂದಾಯ ಕಡತಕ್ಕೂ ಈ ನಕ್ಷೆಯು ಸಾಕ್ಷ್ಯಬಲದಲ್ಲಿ ಕಡಮೆಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಈ ಕಾಡು ಹುಲಿ ಮೀಸಲು ಪ್ರದೇಶವಾದ 2011ರಲ್ಲಿಯೇ, ಅಕ್ಟೋಬರ್ 2ರಂದು, 25 ಪೋಡುಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಮರುವರ್ಷ ತಿದ್ದಿದ ನಿಯಮಗಳು, ಇಂಥದೇ ಬಗೆಯ ದಾಖಲೆ ಬೇಕೆಂದು ಸಮಿತಿಗಳು ಹಟಹಿಡಿಯಲಾಗದೆಂದೂ ವಿಧಿಸಿದವು. ಇನ್ನು ಪೋಡುಗಳ ಅರ್ಜಿಗಳನ್ನು ಕೋಷ್ಟಕದಲ್ಲಿ ತುಂಬಿ ಸೋಸುವವರು ವರ್ಷದ ಅಂಕಣದ ಪಕ್ಕದಲ್ಲಿ ಹಿರಿಯರ ಹೇಳಿಕೆಗೂ ಒಂದು ಅಂಕಣವಿಟ್ಟು, ಆ ಎರಡನ್ನೂ ಒಂದೇ ಆವರಣದೊಳಗೆ ‘ಅಥವಾ’ದಿಂದ ಜೋಡಿಸಬೇಕು.